ಹೆಸರು ಹಿಡಿದು ಕರೆಯುವವರು

ಐವತ್ತರ ದಶಕದ ನಡುಭಾಗ. ರಾಜಾಜಿನಗರದಲ್ಲಿ ಮನೆಗಳಿಗಿಂತ ಸೈಟುಕಲ್ಲುಗಳೇ ಹೆಚ್ಚಿದ್ದ ಕಾಲ. ಅಲ್ಲಿ ನಾನೊಂದು ಟೈಪಿಂಗ್ ಅಂಗಡಿ ಇಟ್ಟಿದ್ದೆ. ಒಂದು ಕೋಣೆ, ಹಳೆಯ ಮೆಷಿನ್, ನಾನು. ಗಿರಾಕಿ ಬರದ ದಿನ ಬಾಯಿಗೆ ಬೀಗ.

ಪಾಸ್‌ಪೋರ್ಟ್ ಅರ್ಜಿ ಬಂದರೆ ನನಗೆ ತಲೆನೋವು. ಅರಬ್ಬಿ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಿದ್ದರು. ಒಂದು ಕಾಗದದಲ್ಲಿ ಕೆ, ಇನ್ನೊಂದರಲ್ಲಿ ಕ್ಯೂ ಇದ್ದರೆ ಅರ್ಜಿ ವಾಪಸು. ಹಾಗಾಗಿ ಹೆಸರನ್ನು ಅವರ ಬಾಯಲ್ಲೇ ಹೇಳಿಸುವುದು, ಟೈಪ್ ಮಾಡುವುದು, ಗಟ್ಟಿಯಾಗಿ ಓದಿ ಒಪ್ಪಿಸುವುದು ನನ್ನ ಪದ್ಧತಿ.

ಕೆಂಗೇರಿಯಿಂದ ಬಂದು ಮನೆಮನೆಯ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಮುದುಕರೊಬ್ಬರು ಒಂದು ದಿನ ಅಂಗಡಿಗೆ ಬಂದರು. ಎಲ್ಲರಿಗೂ ಅವರು ಕಲಾಯಿ ಸಾಬರು. ಜೆಡ್ಡಾದಲ್ಲಿದ್ದ ಅಕ್ಕ ಹಾಸಿಗೆ ಹಿಡಿದಿದ್ದರಂತೆ. ಹೋಗಿ ನೋಡಬೇಕಿತ್ತು.

"ಹೆಸರು ಹೇಳಿ ಸಾಹೇಬ್ರೇ."

ಹೆಗಲಿನ ಚೀಲ ಕೆಳಗಿಟ್ಟರು. ಆಮೇಲೆ ಬೇರೆ ಯಾರದೋ ಹೆಸರು ಹೇಳುವಂತೆ "ಅಬ್ದುಲ್ ಖುದ್ದೂಸ್" ಎಂದರು. "ಹೇಳಿ ಎಷ್ಟೋ ಕಾಲ ಆಯ್ತು ಸ್ವಾಮಿ. ನನ್ನ ಹೆಸರು ಹಿಡಿದು ಕರೆಯೋರು ಅಂತ ಉಳಿದಿರೋದು ನಮ್ಮಕ್ಕ ಒಬ್ಬಳೇ."

ಗಂಟಲ ತಳದಿಂದ ಬಂದ ಸದ್ದು ಕೇಳಿ ಕ್ಯೂ ಹಾಕಿದೆ. ಓದುವಾಗ ಮಾತ್ರ "ಅಬ್ದುಲ್ ಖುದ್ದೂಸ್ ಸಾಹೇಬ್ರು" ಎಂದೆ. ಹಿರಿಯರನ್ನು ಬರೀ ಹೆಸರಿನಿಂದ ಕರೆದಿದ್ದರೆ ನಮ್ಮಮ್ಮ ಕಪಾಳಕ್ಕೆ ಬಿಡುತ್ತಿದ್ದಳು.

ಪಾಸ್‌ಪೋರ್ಟ್ ಒಂದಕ್ಷರವೂ ತಪ್ಪಿಲ್ಲದೆ ಬಂತು. ಅದನ್ನು ಹಿಡಿದುಕೊಂಡು ಅವರು ಬಂದಾಗ ಖುಷಿಯಿಂದ ಕಾಫಿ ತರಿಸಿದೆ. ಅವರು ಮುಟ್ಟಲಿಲ್ಲ.

"ಅಕ್ಕ ಹೋಗ್ಬಿಟ್ಲು ಸ್ವಾಮಿ. ಬೆಳಿಗ್ಗೆ ತಂತಿ ಬಂತು."

ಅವರು ಪಾಸ್‌ಪೋರ್ಟ್ ಬಿಡಿಸಿ ನನ್ನ ಮುಂದಿಟ್ಟರು.

"ಒಂದ್ಸಲ ಓದಿ. ಸಾಹೇಬ್ರು ಗೀಹೇಬ್ರು ಬೇಡ. ಬರೀ ಹೆಸರು."

ನನ್ನ ತಂದೆಗಿಂತ ದೊಡ್ಡವರು. ನಾಲಿಗೆ ಏಳಲಿಲ್ಲ. ಕೊನೆಗೆ ತಲೆ ತಗ್ಗಿಸಿಕೊಂಡು ಓದಿದೆ.

"ಅಬ್ದುಲ್ ಖುದ್ದೂಸ್."

"ಜೀ" ಎಂದು ಓಗೊಟ್ಟರು. ತಣ್ಣಗಾದ ಕಾಫಿ ಕುಡಿದು, ಕೆಂಗೇರಿ ದಾರಿ ಹಿಡಿದರು.

ಅಕ್ಷರ ಸರಿಯಿದ್ದರೆ ಕಾಗದ ಮುಂದಕ್ಕೆ ಹೋಗುತ್ತದೆ, ಅಷ್ಟೇ. ಹೆಸರಿಗೆ ಕರೆಯುವ ಬಾಯಿ ಬೇಕು. ಆ ಕೆಲಸ ನನಗೆ ಕಲಿಸಿದ್ದು ಇದು, ಅರ್ಥವಾದದ್ದು ಮಾತ್ರ ತಡವಾಗಿ. ಈಗ ನಾನು ಬೀದಿಯವರಿಗೆ ತಾತ, ಬ್ಯಾಂಕಿನವರಿಗೆ ಸಾರ್. ಮೊನ್ನೆ ಆಸ್ಪತ್ರೆಯಲ್ಲಿ ಹುಡುಗಿಯೊಬ್ಬಳು ನನ್ನ ಚೀಟಿ ನೋಡಿ "ನಂಜುಂಡ" ಎಂದು ಕೂಗಿದಳು. ಪಕ್ಕದವರು ಅವಳಿಗೆ ಮರ್ಯಾದೆ ಕಲಿಸಲು ಹೊರಟರು. ನಾನು ಅವರ ಕೈ ಹಿಡಿದು ಕೂರಿಸಿದೆ. ಓಗೊಡಲೂ ಇಲ್ಲ. ಇನ್ನೊಂದು ಸಲ ಕೂಗಲಿ ಎಂದು ಕಾದೆ.