ಪಾಪ ಅಲ್ಲ, ಹಂಪಮ್ಮ

ಶಿವಲೀಲಾಗೆ ಹೆರಿಗೆ ರಜೆಯ ಎರಡು ತಿಂಗಳ ಸಂಬಳ ಇನ್ನೂ ಬರಬೇಕು. ಹಿಂದೂಪುರದ ಹೊರಗಿನ ಗಾರ್ಮೆಂಟ್ಸ್‌ನಲ್ಲಿ ಅವಳು ಕಾಲರ್ ಹೊಲಿಯುವವಳು. ರಜೆ ಹಾಕಿದ ವಾರಕ್ಕೇ ಅವಳ ಮೆಷಿನ್ನಿಗೆ ಬೇರೊಬ್ಬಳನ್ನು ಕೂರಿಸಿದ್ದರು, ಒಂದು ಮಾತೂ ಹೇಳದೆ. ಸಂಬಳವನ್ನೂ ಮೆಷಿನ್ನನ್ನೂ ಅವಳು ವಸೂಲು ಮಾಡಿಯೇ ತೀರುತ್ತಾಳೆ. ಹಿಂದೆ ಎರಡು ಸಲ ಗೇಟಿನ ಮುಂದೆ ಕೂತು ಗೆದ್ದವಳು. ಆದರೆ ಅದೇ ಅನ್ಯಾಯ ತನ್ನ ಮನೆಯೊಳಗೇ ನಡೆಯುತ್ತಿದೆ ಎಂದು ಹೊಳೆಯಲು ಅವಳಿಗೆ ಮೂರು ತಿಂಗಳು ಬೇಕಾಯಿತು.

ದೊಡ್ಡ ಮಗಳಿಗೆ ನಾಲ್ಕು ವರ್ಷ. ಆಧಾರ್ ಕಾರ್ಡಿನಲ್ಲಿ ಹಂಪಮ್ಮ. ತೀರಿಹೋದ ಅತ್ತೆಯ ಹೆಸರು. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಆಡುವ ಹಾಗಿಲ್ಲ. ಹೆತ್ತವ್ವನ ಹೆಸರು ಹಿಡಿದು ಕೂಗಲು ಗಂಡ ಕೊಟ್ರೇಶನಿಗೂ ನಾಲಗೆ ಏಳದು. ಹೀಗಾಗಿ ಹುಟ್ಟಿದಂದಿನಿಂದ ಅವಳು ಎಲ್ಲರಿಗೂ ‘ಪಾಪ’. ಕನ್ನಡದಲ್ಲೂ ಪಾಪ, ತೆಲುಗಿನಲ್ಲೂ ಪಾಪ.

ಕಲ್ಯಾಣದುರ್ಗದ ತವರಿನಲ್ಲಿ ಹುಟ್ಟಿದ ಎರಡನೆಯದೂ ಹೆಣ್ಣು. ಪಕ್ಕದ ಮನೆಯ ಪೋಲಮ್ಮ ನೋಡಲು ಬಂದು ಬಾಗಿಲಲ್ಲೇ, "ಪಾಪ ಏದಮ್ಮಾ?" ಎಂದು ತೆಲುಗಿನಲ್ಲಿ ಕೂಗಿ, ಪಾಪ ಎಲ್ಲೆಂದು ಕೇಳಿದಳು. ದೊಡ್ಡವಳು ಓಡಿ ಬಂದು ಎದುರಿಗೆ ನಿಂತಳು.

"ನೀನಲ್ಲ ಕಣೇ, ಹೊಸ ಪಾಪ!" ಎಂದಳು ಪೋಲಮ್ಮ.

ಎಲ್ಲರೂ ನಕ್ಕರು. ಶಿವಲೀಲಾಳೂ ನಕ್ಕಳು.

ಹಿಂದೂಪುರಕ್ಕೆ ಮರಳಿದ ಮೇಲೆ ದೊಡ್ಡವಳು ಕರೆದರೆ ಓಗೊಡುವುದನ್ನೇ ಬಿಟ್ಟಳು. ಒಂದು ಬೆಳಿಗ್ಗೆ ಕೂಸಿಗೆ ನೀರು ಹಾಕಿ ಬಂದು ಶಿವಲೀಲಾ ನೋಡುತ್ತಾಳೆ, ಸೀರೆಯ ಜೋಲಿಯೊಳಗೆ ದೊಡ್ಡವಳು ಮಂಡಿ ಮಡಚಿಕೊಂಡು ಮಲಗಿದ್ದಾಳೆ.

"ಎದ್ದೇಳೇ, ಹಗ್ಗ ಕಿತ್ತೋಯ್ತದೆ!"

"ಇದು ಪಾಪನ್ ಜಾಗ. ಪಾಪ ನಾನು."

ಗದರಲು ಹೊರಟ ಶಿವಲೀಲಾಳಿಗೆ ಸಂಬಳ ಕೇಳಲು ಹೋದಾಗ ಕಂಡಿದ್ದು ನೆನಪಾಯಿತು: ತನ್ನ ಮೆಷಿನ್ನಿನ ಮುಂದೆ ಕೂತ ಬೇರೆಯವಳ ಬೆನ್ನು.

"ಹಂಪಮ್ಮ!" ಎಂದಳು, ಗಟ್ಟಿಯಾಗಿ.

ಟೀ ಕುಡಿಯುತ್ತಿದ್ದ ಕೊಟ್ರೇಶ್ ಲೋಟ ಕೆಳಗಿಟ್ಟ. "ಏನೇ, ನಮ್ಮವ್ವನ ಹೆಸರಿಡ್ದು ಕೂಗ್ತೀಯ?"

"ಹೆಸರು ಇಕ್ಕಿರೋದು ಕೂಗಾಕೆ ಕಣಪ್ಪ, ಕಾರ್ಡ್‌ನಾಗೆ ಮಡಗಾಕಲ್ಲ. ನಿಮ್ಮವ್ವ ಎದ್ದು ಬಂದು ಕೇಳಿದ್ರೆ ನಾನ್ ಜವಾಬು ಕೊಡ್ತೀನಿ. ನೀನೂ ಕೂಗು."

ಜೋಲಿಯ ಅಂಚಿನಿಂದ ಒಂದು ತಲೆ ಮೇಲೆದ್ದಿತು. "ಇನ್ನೊಂದ್ಸಲ ಕರಿ."

ಕೊಟ್ರೇಶ್ ಗೋಡೆಯ ಮೇಲಿನ ಅವ್ವನ ಫೋಟೋ ಕಡೆ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡ. "ಹಂಪಮ್ಮ, ಇಳ್ದು ಬಾರವ್ವ."

ಇಳಿದಳು.

ಸಂಜೆ ಪರಿಗಿಯಿಂದ ಕೊಟ್ರೇಶನ ಅಕ್ಕ ಬಂದು, "ಪಾಪ ಎಲ್ಲೈತೆ?" ಎಂದಾಗ ಹುಡುಗಿ ಬಾಗಿಲಿಗೆ ಅಡ್ಡ ನಿಂತಳು. "ಪಾಪ ಮಲಗೈತೆ. ನಾನು ಹಂಪಮ್ಮ. ಕಾಲ್ ತೊಳ್ಕಂಡ್ ಬಾ."

"ಅಯ್ಯಯ್ಯೋ, ನಮ್ಮವ್ವನೇ ಎದ್ದು ಬಂದವಳೆ ಕಣಪ್ಪ!" ಎನ್ನುತ್ತ ಅಕ್ಕ ಬಚ್ಚಲಿಗೆ ನಡೆದಳು.

ನಾಳೆ ಬಿಸ್ಕತ್ತಿನ ಪೊಟ್ಟಣ ಹಿಡಿದು ಬಾಣಂತಿ ಮನೆಗೆ ಹೋಗುವವರು ನೀವು. ಬಾಗಿಲಲ್ಲಿ ನಿಂತಿರುವ ದೊಡ್ಡ ಮಗುವಿನ ಹೆಸರೇನು, ಹೇಳಿ. ಗೊತ್ತಿಲ್ಲವೆ? ಕೇಳಿ ತಿಳಿದುಕೊಳ್ಳಿ. ಆ ಹೆಸರು ಹಿಡಿದು ಕರೆಯಿರಿ, ಆಮೇಲೆ ಹೊಸ್ತಿಲು ದಾಟಿ.