ದೊಡ್ಡದಾದರೆ ಸರಕಾರದ ಮರ

ದಶಕಗಳ ಹಿಂದೆ ಕಾನ್ವೆಂಟ್ ಹುಡುಗಿಯರಾಗಿದ್ದ ನಾವು ಕಾಡಿನ ನಡುವಿನ ಜಾಂಬೋಟಿಗೆ ಪಿಕ್‌ನಿಕ್ ಹೋಗುತ್ತಿದ್ದಾಗ ದಾರಿಯುದ್ದಕ್ಕೂ ಬೀಟೆ ಮರಗಳ ನೆರಳು. ನಡುಹಗಲಲ್ಲೂ ಸಿಸ್ಟರ್ ಸ್ವೆಟರ್ ಬಿಚ್ಚಲು ಬಿಡುತ್ತಿರಲಿಲ್ಲ. ಹೋದ ವರ್ಷ ಅದೇ ದಾರಿ ಬರೀ ಬಿಸಿಲು. ನೀರು ಕೇಳಲು ಕಾರು ನಿಲ್ಲಿಸಿದ ಮನೆಯಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ಹಿತ್ತಲಿನ ಬೀಟೆ ಸಸಿಗಳನ್ನು ಕಳೆಯಂತೆ ಕೀಳುತ್ತಿದ್ದಳು.

"ಮರ ಆಗೂದನ್ನ ಕೀಳ್ತೀರೇನ್ರೀ? ನಿಲ್ಲಸ್ರಿ!" ಎಂದು ಗದರಿದೆ.

"ದೊಡ್ಡದಾದ್ರ ಸರಕಾರದ್ದು ಆಗ್ತೈತ್ರಿ, ಬಾಯಾರ. ಕಳ್ಳರು ಕಡದ್ರೂ ಫಾರೆಸ್ಟ್‌ನವ್ರು ನನ್ನ ಮಗನ್ನ ಹಿಡೀತಾರ. ಸಣ್ಣದಿದ್ದಾಗ ಕಿತ್ರ ಯಾರೂ ಕೇಳಂಗಿಲ್ಲ."

"ಕಾಡು ಉಳೀಲಿ ಅಂತಲೇ ಆ ಕಾಯ್ದೆ ಮಾಡ್ಯಾರ."

"ಹಂಗಾದ್ರ ನೀವೇ ಒಯ್ದು ಉಳಸ್ರಿ," ಎಂದು ನಗುತ್ತ ಒಂದು ಸಸಿಯನ್ನು ಬೇರಿನ ಮಣ್ಣು ಸಮೇತ ನನ್ನ ಕೈಗಿಟ್ಟಳು.

ಸದಾಶಿವನಗರದ ನಮ್ಮ ಅಂಗಳದಲ್ಲಿ ಅದು ಈಗ ಸೊಗಸಾಗಿ ಚಿಗುರಿದೆ. ಬೀದಿಯಲ್ಲಿ ಖಾಕಿ ಅಂಗಿ ಕಂಡರೆ ಮಾತ್ರ, ನಾನು ಒಗೆದ ಸೀರೆಯೊಂದನ್ನು ತಂದು ಅದಕ್ಕೆ ಅಡ್ಡವಾಗಿ ಹರವುತ್ತೇನೆ.