ಅರಿಸಿನದ ಬಟ್ಟೆಯ ಮೇಲೆ ಮೊದಲ ಹೆಜ್ಜೆ

ಕಳೆದ ಚಳಿಗಾಲದ ಒಂದು ಭಾನುವಾರ ಸಂಜೆ, ವಡೋದರಾದಲ್ಲಿ ಮುಚ್ಚಿಹೋದ ಕಾರ್ಖಾನೆಯೊಂದರ ಶೆಡ್ಡಿನೊಳಗೆ, ಬಾಗಿಲಿನ ಎಡಗಡೆ ನಾನು ನಿಂತಿದ್ದೆ. ಅದು ನನ್ನ ತಂಗಿಯ ಮೊದಲ ಕಲಾಪ್ರದರ್ಶನ. ಅಹಮದಾಬಾದಿನ ಗಿರಣಿಗಳ ತುಂಡುಬಟ್ಟೆಗಳನ್ನು ಹೊಲಿದು, ಅರಿಸಿನದ ನೀರಲ್ಲಿ ನೆನೆಸಿ ಒಣಗಿಸಿ, ನೆಲದ ತುಂಬ ಹಾಸಿದ್ದಳು. ಅಂಚಿನಲ್ಲಿ ಒಂದು ತಟ್ಟೆ ತಿಳಿಸುಣ್ಣದ ನೀರು. ಅದರಲ್ಲಿ ಕಾಲು ಅದ್ದಿ ಬಟ್ಟೆಯ ಮೇಲೆ ನಡೆದರೆ ಹೆಜ್ಜೆಗಳು ಓಕುಳಿಯಂತೆ ಕೆಂಪಾಗಬೇಕು. ಜನ ನಡೆಯದಿದ್ದರೆ ಕೃತಿಯೇ ಇಲ್ಲ. ಆದರೆ ಬಂದವರೆಲ್ಲ ಹಾಳಾದೀತೆಂದು ಹೆದರಿ ದೂರವೇ ನಿಂತರು.

ಆಚೆ ತುದಿಯಿಂದ ತಂಗಿ ನನ್ನನ್ನು ಕರೆದಳು: "ಏ ಅಣ್ಣ, ಏನ್ ಕಂಬದ ಥರ ನಿಂತಿದೀಯ? ಬಾ, ಬಾ."

ಗುಜರಾತಿಯಲ್ಲಿ 'ಬಾ' ಎಂದರೆ ಅಮ್ಮ; ಹಿರಿಯ ಹೆಂಗಸರನ್ನೂ ಹಾಗೇ ಕರೆಯುತ್ತಾರೆ. ನನ್ನ ಪಕ್ಕದಲ್ಲಿದ್ದ, ತಂಗಿಯ ಬಾಡಿಗೆಮನೆಯ ಒಡತಿ, ಎಪ್ಪತ್ತು ದಾಟಿದ ಅಜ್ಜಿ, "ಆವು ಛು, ದೀಕರಾ" ಎಂದರು. ಬಂದೆ ಮಗಳೇ ಎಂದು. ಚಪ್ಪಲಿ ಬಿಟ್ಟು, ಸೀರೆ ಎತ್ತಿ ಹಿಡಿದು, ತಟ್ಟೆಗೆ ಕಾಲಿಟ್ಟು ನಡೆದೇಬಿಟ್ಟರು. ಅವರ ಹಿಂದೆ ಒಂದೊಂದೇ ಹೆಜ್ಜೆ ಹಳದಿಯಿಂದ ಕೆಂಪಿಗೆ ತಿರುಗಿತು. ಆಮೇಲೆ ತಟ್ಟೆಯ ಮುಂದೆ ನೂಕುನುಗ್ಗಲು.

ಇದಕ್ಕೆಲ್ಲ ಸಾಕ್ಷಿಗೆ ತಂಗಿ ಇದ್ದಾಳೆ, ಆ ಅಜ್ಜಿಯೂ ಇದ್ದಾರೆ. ಕರೆದದ್ದು ತಮ್ಮನ್ನೇ ಎಂದು ಅಜ್ಜಿ ಈಗಲೂ ಸಾಧಿಸುತ್ತಾರೆ. ತಂಗಿ ಅಲ್ಲವೆನ್ನುವುದಿಲ್ಲ.